ಎಂಟು ಮರದ ಟೋಪಿ

ನವೆಂಬರ್ 25, ಸೋಮವಾರ. ಬೆಳಿಗ್ಗೆ 4.50

ಹೆಬ್ಬೆರಳು ತೋರುಬೆರಳಿಗೆ. ಹೆಬ್ಬೆರಳು ನಡುಬೆರಳಿಗೆ. ಉಂಗುರದ ಬೆರಳಿಗೆ ಮುಟ್ಟುವುದಿಲ್ಲ, ಅರ್ಧ ಇಂಚು ಬಾಕಿ. ಕಿರುಬೆರಳಂತೂ ಬೇರೆ ಯಾರದ್ದೋ ಕೈಯಿಂದ ತಂದು ಅಂಟಿಸಿದ ಹಾಗಿದೆ. ಹತ್ತು ಸಲ ಮಾಡಬೇಕು, ದಿನಕ್ಕೆ ಆರು ಬಾರಿ. ಇವತ್ತಿನ ಮೊದಲ ಬಾರಿ ಮುಗಿಯಿತು. ಇನ್ನೂ ಐದು ಗಂಟೆಯೂ ಆಗಿಲ್ಲ.

ಇಪ್ಪತ್ತೆರಡು ವರ್ಷ ಇದೇ ಹೊತ್ತಿಗೆ ಎದ್ದು 5.40ರ ಬಸ್ಸು ತೆಗೆದವನು. ಮೂರು ವಾರದಿಂದ ಡ್ಯೂಟಿ ಇಲ್ಲ ಅಂತ ಮೈಗೆ ಯಾರು ಹೇಳಬೇಕು? ಅದು ಎದ್ದೇ ಏಳುತ್ತದೆ. ಎದ್ದ ಮೇಲೆ ಹೋಗುವ ಜಾಗ ಇಲ್ಲ. ಅಡುಗೆಮನೆಯಿಂದ ಹಾಲ್‌ಗೆ ಹದಿನಾಲ್ಕು ಹೆಜ್ಜೆ. ಹಾಲ್‌ನಿಂದ ಅಡುಗೆಮನೆಗೂ ಹದಿನಾಲ್ಕೇ. ಇವಳು ಮಗ್ಗುಲು ಬದಲಿಸಿ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ ಅಂತ ಗೊಣಗಿದಳು. ಕಟ್ಟಿಕೊಂಡಿದ್ದೆ. ಈಗ ಬರೀ ಕಾಲು.

5.45

ಬಸ್ಸು ಮೂಲೆ ತಿರುಗಿದ್ದು ಕೇಳಿಸಿತು. ಹೊಸಬ ಮೂರನೇ ಗೇರಿನಲ್ಲೇ ತಿರುಗಿಸುತ್ತಾನೆ. ಇಂಜಿನ್ ಅತ್ತ ಹಾಗೆ ಕೇಳುತ್ತದೆ.

ನವೆಂಬರ್ 27, ಬುಧವಾರ

ಆಸ್ಪತ್ರೆ. ಫಿಸಿಯೋಥೆರಪಿಯ ಬೆರಳು ಮೇಡಂ ನನ್ನ ಎಡಗೈಯನ್ನು ತರಕಾರಿ ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಮಣಿಕಟ್ಟಿನೊಳಗೆ ಪ್ಲೇಟು ಸರಿಯಾಗಿ ಕೂತಿದೆ, ಬೆರಳು ಮಾತ್ರ ಸೋಮಾರಿ ಅಂದರು. ರಬ್ಬರ್ ಚೆಂಡು ಹಿಸುಕುತ್ತೀರಾ ಅಂತ ಕೇಳಿದರು. ಹಿಸುಕುತ್ತೇನೆ ಅಂದೆ. ಸುಳ್ಳು. ಚೆಂಡು ಸೋಫಾದ ಕೆಳಗೆ ಹೋಗಿ ನಾಲ್ಕು ದಿನ ಆಯಿತು.

ಜೊತೆಗೆ ಅತ್ತೆ ಬಂದಿದ್ದರು, ಅವರ ಕಣ್ಣಿನ ಡ್ರಾಪ್ಸ್ ತಗೊಳ್ಳಲು. ಕಾಯುವ ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದರು. ಮೇಡಂ ಬಾಗಿಲಿನಿಂದಲೇ ನೋಡಿ, ಚೆಂಡು ಬೇಡ, ಇದನ್ನ ಕಲೀರಿ, ಹತ್ತೂ ಬೆರಳಿಗೆ ಕೆಲಸ ಸಿಗುತ್ತೆ ಅಂದುಬಿಟ್ಟರು. ಕಾರಿಡಾರಿನ ತುಂಬ ಜನ. ನಮ್ಮ ಡಿಪೋದ ಕಂಡಕ್ಟರ್ ಒಬ್ಬನೂ ಇದ್ದ, ಎಕ್ಸ್‌ರೇ ಹಿಡಿದುಕೊಂಡು.

ಅತ್ತೆ ಅಂದರೆ ಇವಳ ತಾಯಿ. ಐದು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾರೆ. ಊಟ ಆಯ್ತಾ, ಆಯ್ತು — ನಮ್ಮಿಬ್ಬರ ಮಾತು ಅಷ್ಟೇ. ಅವರಿಗೆ ಎಡಗಿವಿ ಕೇಳಿಸುವುದಿಲ್ಲ. ಇವಳು ಮೊದಲ ದಿನವೇ ಹೇಳಿದ್ದಳು, ಬಲಗಡೆ ಬಂದು ಮಾತಾಡಿ ಅಂತ. ಯಾವ ಕಡೆಗೂ ಹೋಗಿ ಮಾತಾಡಿದವನಲ್ಲ ನಾನು.

ನವೆಂಬರ್ 29, ಶುಕ್ರವಾರ

ಕಲಿಯುತ್ತಿದ್ದೇನೆ.

ಬರೆಯಲೂ ನಾಚಿಕೆ. ಪರದೆ ಎಳೆದುಕೊಂಡು ಕೂರುತ್ತೇನೆ. ಸೀದಾ ಕುಣಿಕೆ, ಉಲ್ಟಾ ಕುಣಿಕೆ, ಎರಡೇ ಇರುವುದು ಅಂತಾರೆ ಅತ್ತೆ. ಎರಡೇ ಇದ್ದರೂ ಇಷ್ಟು ಬಗೆಯಲ್ಲಿ ತಪ್ಪಬಹುದು ಅಂತ ಗೊತ್ತಿರಲಿಲ್ಲ. ಮೂವತ್ತು ಕುಣಿಕೆ ಹಾಕಿ ಕೊಟ್ಟರು. ನಾಲ್ಕು ಸಾಲು ಆಗುವಾಗ ಮೂವತ್ತೇಳು. ಎಲ್ಲಿಂದ ಬಂದವು ಈ ಏಳು? ಅತ್ತೆ ಕನ್ನಡಕ ಏರಿಸಿ ನೋಡಿ, "ಬಸ್ಸಲ್ಲೂ ಹೀಗೇ ಎಕ್ಸ್‌ಟ್ರಾ ಹತ್ತಿಸ್ಕೊತಿದ್ರಾ ಅಳಿಯಂದ್ರೇ?" ಅಂದರು.

ನಗು ಬಂತು. ನವೆಂಬರ್ 4ರ ಅಪಘಾತದ ನಂತರ ಮೊದಲ ಸಲ ಇರಬೇಕು.

ಡಿಸೆಂಬರ್ 1, ಭಾನುವಾರ

ಮಫ್ಲರ್ ಬೇಡ ಅಂದೆ. ಉದ್ದಕ್ಕೆ ಹೋಗುತ್ತಲೇ ಇರುವುದು ನನ್ನಿಂದ ಆಗುವುದಿಲ್ಲ, ಮುಗಿಯುವಂಥದ್ದು ಏನಾದರೂ ಕೊಡಿ. ಹಾಗಾದರೆ ಟೋಪಿ, ಅಂದರು ಅತ್ತೆ. ಮೇಲೆ ಏನು ಡಿಸೈನ್ ಬೇಕು? ಜಡೆ ಹಾಕಿದರೆ ಬೆರಳಿಗೆ ಚೆನ್ನಾಗಿ ಕೆಲಸ. ನಾಲ್ಕು ಕುಣಿಕೆಯಲ್ಲಿ ಎರಡನ್ನು ಚಿಕ್ಕ ಕಡ್ಡಿಗೆ ತೆಗೆದು ಮುಂದಕ್ಕೋ ಹಿಂದಕ್ಕೋ ಹಿಡಿದು ದಾಟಿಸುವುದು. ಮುಂದೆ ಹಿಡಿದರೆ ಎಡಕ್ಕೆ ವಾಲುತ್ತದೆ, ಹಿಂದೆ ಹಿಡಿದರೆ ಬಲಕ್ಕೆ.

ಪೈನ್ ಮರ, ಅಂದೆ.

ಬಾಯಿಂದ ಬಂದೇಬಿಟ್ಟಿತು. ಯೋಚಿಸಿ ಹೇಳಿದ್ದಲ್ಲ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಚೌಕುಳಿ ಪುಸ್ತಕ ತೆಗೆದು ಕೂತವರು ಸಂಜೆವರೆಗೆ ಏಳಲಿಲ್ಲ. ಪೆನ್ಸಿಲ್, ರಬ್ಬರ್, ಮತ್ತೆ ಪೆನ್ಸಿಲ್. ಎಪ್ಪತ್ತೊಂದು ವರ್ಷದ ಹೆಂಗಸು ನಾಲಿಗೆ ತುದಿ ಕಚ್ಚಿಕೊಂಡು ಲೆಕ್ಕ ಹಾಕುತ್ತಿದ್ದರು. ಒಟ್ಟು ತೊಂಬತ್ತಾರು ಕುಣಿಕೆ. ಎಂಟು ಮರ, ಮರಕ್ಕೆ ಹನ್ನೆರಡು. ನಡುವೆ ಎರಡು ಕುಣಿಕೆಯ ಕಾಂಡ. ಎರಡೂ ಬದಿಯಿಂದ ಕೊಂಬೆಗಳು ನಾಲ್ಕು ಸುತ್ತಿಗೊಮ್ಮೆ ದಾಟಿ ದಾಟಿ ಕಾಂಡದ ಕಡೆಗೆ ಏರಬೇಕು. ಮೇಲೆ ಕುಣಿಕೆ ಕಡಿಮೆ ಮಾಡುತ್ತ ಹೋದ ಹಾಗೆ ಮರ ತಾನೇ ಚೂಪಾಗುತ್ತದೆ. ಎಂಟೂ ತುದಿ ನೆತ್ತಿಯ ಮೇಲೆ ಕೂಡುತ್ತವೆ.

ಉಲ್ಲನ್ ಅವರ ಪೆಟ್ಟಿಗೆಯದ್ದೇ. ಕಡುಹಸಿರು, ಸ್ವಲ್ಪ ಬೂದಿ ಬೆರೆತ ಹಾಗೆ.

"ಡ್ರೈವರ್‌ಗಳು ಟೋಪಿ ಹಾಕ್ತಾರೆ ಅಂತ ಕೇಳಿದ್ದೆ. ಹೆಣೀತಾರೆ ಅಂತ ಕೇಳಿರಲಿಲ್ಲ" ಅಂದರು.

ತಮಾಷೆಗೆ ಅಂದಿದ್ದು. ನಗಬೇಕಿತ್ತು. ಎದ್ದು ಹೋಗಿ ನೀರು ಕುಡಿದೆ.

ಡಿಸೆಂಬರ್ 3, ಮಂಗಳವಾರ

ಅಂಚು ಮುಗಿಯಿತು. ಎರಡು ಸೀದಾ, ಎರಡು ಉಲ್ಟಾ, ಹದಿನಾಲ್ಕು ಸುತ್ತು. ನಾಲ್ಕು ಕಡ್ಡಿ ಒಟ್ಟಿಗೆ ಹಿಡಿಯುವುದೆಂದರೆ ಮುಳ್ಳುಹಂದಿ ಹಿಡಿದ ಹಾಗೆ.

ಇವಳು ಪೋಸ್ಟ್ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು: ಗ್ರೀಸಣ್ಣನಿಗೆ ಕೆಲಸಕ್ಕೆ ಬರಬೇಡ ಅಂದಿದ್ದಾರಂತೆ. ಎನ್‌ಕ್ವೈರಿ ಮುಗಿಯುವವರೆಗೆ ರೆಸ್ಟ್ ಅಂತ. ರೆಸ್ಟ್ ಅಂದರೇನು, ಸಸ್ಪೆಂಡ್ ಅಂದರೇನು, ಅಳಿಯ ಅಲ್ಲ ಮಗಳ ಗಂಡ. ಡಿಪೋದ ಹೆಡ್ ಮೆಕ್ಯಾನಿಕ್. ಮೂವತ್ತು ವರ್ಷದ ಸರ್ವಿಸ್. ನನ್ನ ಬಸ್ಸಿನ ಬ್ರೇಕು ಅವನ ಕೈಯದ್ದು, ಹಿಂದಿನ ದಿನವೇ ಸರ್ವಿಸ್ ಮಾಡಿ ರಿಜಿಸ್ಟರ್‌ನಲ್ಲಿ ಸಹಿ ಹಾಕಿದ್ದ.

ಸರಿಯಾಯ್ತು ಬಿಡಿ, ಅಂದಳು ಇವಳು. ನಿಮ್ಮ ಜೀವ ಹೋಗ್ತಿತ್ತಲ್ಲ.

ಸುತ್ತು ಎಣಿಸುತ್ತಿದ್ದ ಹಾಗೆ ತುಟಿ ಆಡಿಸುತ್ತಿದ್ದೆ.

ಡಿಸೆಂಬರ್ 4

ಎಂಟು ಸುತ್ತು ಹೆಣೆದೆ. ಬಿಚ್ಚಿದೆ.

ಡಿಸೆಂಬರ್ 5

ಹತ್ತು ಸುತ್ತು. ಕೊಂಬೆಗಳೆಲ್ಲ ಕೆಳಕ್ಕೆ ಮುಖ ಮಾಡಿವೆ. ಹಿಂದೆ ಹಿಡಿಯುವ ಕಡೆ ಮುಂದೆ ಹಿಡಿದಿದ್ದೇನೆ. ಬಿಚ್ಚಿದೆ. ಅತ್ತೆ ಕೇಳಿದರು, ಉಲ್ಲನ್ನಿಗೂ ಪ್ರಾಣ ಇರುತ್ತೆ, ಎಷ್ಟು ಸಲ ಅಂತ ಬಿಚ್ತೀರಿ?

ಮಧ್ಯಾಹ್ನ ಬಸ್ ಸ್ಟಾಪ್‌ವರೆಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ. ಅಂಗಡಿಯವನು ಏನು ಬೇಕು ಅಂದ. ಏನೂ ಬೇಡ ಅಂತ ಹೇಳಿ ಬೆಂಕಿಪೊಟ್ಟಣ ತಂದೆ. ಮನೆಯಲ್ಲಿ ಈಗ ಐದು ಬೆಂಕಿಪೊಟ್ಟಣ.

ಡಿಸೆಂಬರ್ 7, ಶನಿವಾರ. ಸಂಜೆ

ಗ್ರೀಸಣ್ಣ ಬಂದಿದ್ದ.

ಬೆಲ್ ಆದಾಗ ಟೋಪಿಯನ್ನು ದಿಂಬಿನ ಕೆಳಗೆ ತುರುಕಿದೆ. ಬಾಗಿಲು ತೆಗೆದರೆ ಅವನು. ಕೈಯಲ್ಲಿ ಹಣ್ಣಿನ ಚೀಲ. ಯೂನಿಫಾರ್ಮ್ ಇಲ್ಲದೆ ಅವನನ್ನು ನೋಡಿದ್ದೇ ಕಡಿಮೆ. ಇಸ್ತ್ರಿ ಶರಟು, ಉಗುರಿನ ಸಂದಿನಲ್ಲಿ ಮಾತ್ರ ಅದೇ ಕಪ್ಪು. "ಏನಯ್ಯ ಸೆಕೆಂಡ್ ಗೇರು, ಕೈ ಹೇಗಿದೆ?" ಅಂದ. ಡಿಪೋದಲ್ಲಿ ನನ್ನ ಹೆಸರು ಅದು. ಇಳಿಜಾರಿನಲ್ಲಿ ಎರಡನೇ ಗೇರು ಬಿಟ್ಟು ಇಳಿಯದವನು, ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರೂ ಮಾಡದವನು.

ನಾನು ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ. ಅವನೇ ಕೇಳಿದ. ನಿನಗೆ ಇಷ್ಟೆಲ್ಲ ಆಗಿ ನಾನು ಬಂದು ನೋಡೋಕೆ ಒಂದು ತಿಂಗಳು ಬೇಕಾಯ್ತು, ಮುಖ ತೋರಿಸೋ ಧೈರ್ಯ ಇರಲಿಲ್ಲ ಅಂದ. ಇವಳು ಟೀ ಇಟ್ಟು ಒಂದು ಮಾತೂ ಆಡದೆ ಒಳಗೆ ಹೋದಳು. ಅವನು ಅದನ್ನು ಗಮನಿಸಿದ, ಲೋಟ ಮುಟ್ಟಲಿಲ್ಲ.

ಆಮೇಲೆ ಮುಂದಕ್ಕೆ ಬಾಗಿ, ಡಾಕ್ಟರು ಕೇಳುವ ಹಾಗೆ ಕೇಳಿದ.

"ಒಂದೇ ಒಂದು ಹೇಳು. ಪೆಡಲ್ ಮೆತ್ತಗೆ ಕೆಳಗೆ ಹೋಯ್ತಾ, ಇಲ್ಲ ಗಟ್ಟಿಯಾಗಿ ನಿಂತ್ಕೊಳ್ತಾ?"

ಯಾಕೆ ಅಂದೆ.

"ಮೆತ್ತಗೆ ಹೋದ್ರೆ ಲೈನಲ್ಲಿ ಗಾಳಿ ಸೇರಿದೆ. ಗಟ್ಟಿ ನಿಂತ್ರೆ ಬೇರೆ ಕತೆ. ಬೈಯೋಕೆ ಕೇಳ್ತಿಲ್ಲ ಕಣೋ. ನನ್ನ ಕೈ ಎಲ್ಲಿ ತಪ್ಪಿತು ಅಂತ ನನಗೆ ಗೊತ್ತಾಗ್ಬೇಕು."

ಗೋಡೆ ಗಡಿಯಾರ ನೋಡಿದೆ. ಅವನ ಕೈ ನೋಡಿದೆ.

ಮೆತ್ತಗೆ, ಅಂದೆ.

ತಲೆ ಅಲ್ಲಾಡಿಸಿದ. ಬಹಳ ಹೊತ್ತು ಅಲ್ಲಾಡಿಸುತ್ತಲೇ ಇದ್ದ. ಗಾಳಿ ತೆಗೆದವನು ನಾನೇ, ಅಂದ. ನಾಲ್ಕು ಚಕ್ರದ್ದೂ ತೆಗೆದೆ ಅಂತ ಸತ್ಯ ಮಾಡಿ ಹೇಳ್ತಿದ್ದೆ ಇಷ್ಟು ದಿನ. ಒಂದು ಬಿಟ್ಟಿರ್ಬೇಕು. ವಯಸ್ಸಾಯ್ತು ನೋಡು.

ಹೋಗುವಾಗ ನನ್ನ ಬಲಭುಜ ತಟ್ಟಿದ. ನೋಯದ ಕಡೆ ನೋಡಿ ತಟ್ಟಿದ.

ಡಿಸೆಂಬರ್ 8, ಭಾನುವಾರ. ಬೆಳಿಗ್ಗೆ 5

ಇದನ್ನು ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಬ್ರೇಕ್ ಸರಿಯಾಗಿತ್ತು.

ನವೆಂಬರ್ 4. ಈ ಸಲದ ಮೊದಲ ಹಿಮ ರಾತ್ರಿ ಬಿದ್ದಿತ್ತು. ರಸ್ತೆಯ ಮೇಲೆ ನಿಂತಿರಲಿಲ್ಲ, ಮರಗಳ ಮೇಲೆ ಮಾತ್ರ. ಗುಡ್ಡ ಹತ್ತಿ, ಇಳಿಯಲು ಶುರು ಮಾಡಿದ್ದೆ. ಹನ್ನೊಂದು ಜನ ಪ್ಯಾಸೆಂಜರ್. ಎರಡನೇ ಗೇರು. ಏಳನೇ ತಿರುವಿಗೆ ಮೊದಲು ಎಡಗಡೆ ಕಣಿವೆ ತೆರೆದುಕೊಳ್ಳುತ್ತದೆ, ಸಾವಿರಾರು ಸಲ ನೋಡಿದ ಜಾಗ. ಆವತ್ತು ಬಿಸಿಲು ಆಗಷ್ಟೇ ಬಂತು. ಇಳಿಜಾರಿನ ಪೈನ್ ಮರಗಳೆಲ್ಲ ಒಂದೇ ಏಟಿಗೆ ಬೆಳಗಿದವು. ಕೊಂಬೆ ಕೊಂಬೆಗೂ ಹಿಮ, ಹಿಮದ ಕೆಳಗೆ ಹಸಿರು, ಮೇಲಿಂದ ಕೆಳಗಿನವರೆಗೆ ಸಾಲು ಸಾಲು…

ನೋಡಿದೆ. ಅಷ್ಟೇ. ನಿದ್ದೆ ಅಲ್ಲ. ಕುಡಿದಿರಲಿಲ್ಲ. ಫೋನ್ ಜೇಬಿನಲ್ಲಿತ್ತು. ನಲವತ್ತೆಂಟು ವರ್ಷದ ಗಂಡಸು ಮರ ನೋಡುತ್ತ ಕೂತೆ. ಎರಡು ಸೆಕೆಂಡು. ಕಾಲಿಗೆ ಪೆಡಲ್ ಸಿಗುವಾಗ ಮುಂದಿನ ಚಕ್ರ ರಸ್ತೆಯ ಮೇಲೆ ಇರಲಿಲ್ಲ.

ಒಂದು ಮರ ಅಡ್ಡ ನಿಂತು ತಡೆಯಿತು. ಇಲ್ಲದಿದ್ದರೆ ಕಣಿವೆ. ಮುಂದಿನ ಸೀಟಿನ ಟೀಚರಮ್ಮನಿಗೆ ಭುಜದ ಮೂಳೆ ಮುರಿಯಿತು. ಉಳಿದವರಿಗೆ ತರಚು ಗಾಯ.

ಆಸ್ಪತ್ರೆಯಲ್ಲಿ ಮ್ಯಾನೇಜರು ಮಂಚದ ಪಕ್ಕ ನಿಂತು ಕೇಳಿದರು, ಬ್ರೇಕ್ ಹಿಡೀಲಿಲ್ವಾ? ಮಾತು ಅವರದ್ದು. ಹೂಂಗುಟ್ಟಿದ್ದು ನಾನು. ಇವಳು ನನ್ನ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಮರ ನೋಡ್ತಿದ್ದೆ ಅಂತ ಹೇಗೆ ಹೇಳಲಿ?

ನಿನ್ನೆ ಹೂಂಗುಟ್ಟಿದ್ದಲ್ಲ. ನಿನ್ನೆ ಬಾಯಿ ಬಿಟ್ಟು ಹೇಳಿದೆ. ಮೆತ್ತಗೆ, ಅಂತ.

ಡಿಸೆಂಬರ್ 12, ಗುರುವಾರ

ಮ್ಯಾನೇಜರ್ ಫೋನ್. 19ಕ್ಕೆ ಎನ್‌ಕ್ವೈರಿ. ಹಿಂದಿನ ಹೇಳಿಕೆಯನ್ನೇ ಟೈಪ್ ಮಾಡಿಟ್ಟಿದ್ದಾರಂತೆ, ಬಂದು ಸಹಿ ಹಾಕಿದರೆ ಐದು ನಿಮಿಷದ ಕೆಲಸ. ಮೆಕ್ಯಾನಿಕ್ ಕಡೆಯಿಂದಲೂ ತೊಂದರೆ ಇಲ್ಲ, ತಪ್ಪು ನನ್ನದೇ ಅಂತ ಅವನೇ ಬರೆದುಕೊಡುತ್ತಾನಂತೆ.

ಕೂರಲು ಆಗಲಿಲ್ಲ. ಡಿಪೋ ಗೇಟಿನವರೆಗೆ ನಡೆದೆ. ನಾಲ್ಕು ಕಿಲೋಮೀಟರ್. ಗೇಟಿನ ಎದುರು ನಿಂತು ತಿರುಗಿ ಬಂದೆ. ನಾಳೆಯೂ ಹೀಗೇ ಮಾಡುತ್ತೇನೆ, ನನಗೆ ನಾನು ಗೊತ್ತು.

ಟೋಪಿ ನಾಲ್ಕು ಇಂಚು ಆಯಿತು. ಬೆರಳು ಮಾತ್ರ ದಿನದಿನಕ್ಕೂ ಚುರುಕು. ಉಂಗುರದ ಬೆರಳು ಹೆಬ್ಬೆರಳಿಗೆ ಮುಟ್ಟುತ್ತದೆ.

ಡಿಸೆಂಬರ್ 13

ಹೋದೆ. ಗೇಟು. ವಾಪಸ್.

ಡಿಸೆಂಬರ್ 15, ಭಾನುವಾರ. ಮಧ್ಯಾಹ್ನ

ಇವಳು ಬಟ್ಟೆ ಒಣಗಿಸಲು ಮಹಡಿಗೆ ಹೋಗಿದ್ದಳು. ಅತ್ತೆ ಕಿಟಕಿ ಹತ್ತಿರ ಕೂತಿದ್ದರು. ನಾನು ಅವರ ಎಡಗಡೆ. ಐದನೇ ಮರದಲ್ಲಿ ತಪ್ಪಿತ್ತು. ಬಿಚ್ಚುತ್ತಿದ್ದೆ. ಬಿಚ್ಚುತ್ತ ಬಿಚ್ಚುತ್ತ ಬಾಯಿಯೂ ಬಿಚ್ಚಿತು. ಗಟ್ಟಿಯಾಗಿ ಅಲ್ಲ, ಸುತ್ತು ಎಣಿಸುವ ದನಿಯಲ್ಲೇ. ಹಿಮ, ಬಿಸಿಲು, ಎರಡು ಸೆಕೆಂಡು, ಟೀಚರಮ್ಮ, ಗ್ರೀಸಣ್ಣ, ಮೆತ್ತಗೆ. ಎಲ್ಲ ಅಂದೆ. ಕೇಳಿಸದ ಕಿವಿಗೆ ಹೇಳುವುದು ಗೋಡೆಗೆ ಹೇಳಿದ ಹಾಗೆ. ಆದರೆ ಗೋಡೆ ಉಸಿರಾಡುವುದಿಲ್ಲ. ಪಕ್ಕದಲ್ಲಿ ಒಂದು ಜೀವ ಉಸಿರಾಡುತ್ತಿತ್ತು, ಅಷ್ಟು ಸಾಕಾಯಿತು.

ಅವರ ಕಡ್ಡಿ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಒಂದು ಸಲವೂ ನಿಲ್ಲಲಿಲ್ಲ.

ಹಗುರ ಆಯಿತು. ನಾಚಿಕೆಗೇಡು, ಆದರೂ ಆಯಿತು.

ಡಿಸೆಂಬರ್ 16, ಸೋಮವಾರ. ಬೆಳಿಗ್ಗೆ

ಟೀ ಕೊಡುವಾಗ ಅತ್ತೆ ಲೋಟ ಬಿಡಲಿಲ್ಲ. ನಾನೂ ಹಿಡಿದಿದ್ದೆ, ಅವರೂ ಹಿಡಿದಿದ್ದರು.

"ಅಳಿಯಂದ್ರೇ, ನನಗೆ ಎಡಗಿವಿ ಕೇಳಲ್ಲ ಅಂತ ಹೇಳಿದ್ದು ನನ್ನ ಮಗಳು. ನಾನಲ್ಲ."

ಲೋಟ ಹಿಡಿದೇ ಅವರ ಮುಖ ನೋಡಿದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಡಿಮೆ ಕೇಳುತ್ತದೆ, ಆದರೆ ಕೇಳುತ್ತದೆ. ಕೇಳಲ್ಲ ಅಂದುಕೊಂಡರೆ ಮನೆಯಲ್ಲಿ ನೆಮ್ಮದಿ ಅಂತ ಸುಮ್ಮನಿದ್ದರಂತೆ. ಆಮೇಲೆ ಅಂದಿದ್ದು ಇಷ್ಟೇ: "ಅವಳಿಗೆ ನೀವೇ ಹೇಳಿ. ನಾನು ಹೇಳಿದ್ರೆ ಚಾಡಿ ಆಗುತ್ತೆ." ಲೋಟ ಬಿಟ್ಟರು.

ಅದೇ ದಿನ, ಸಂಜೆ 7

ಹೇಳಿದೆ. ಅಡುಗೆಮನೆಯಲ್ಲಿ, ನಿಂತುಕೊಂಡೇ.

ಇವಳು ತರಕಾರಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು. ಮರವಾ, ಅಂದಳು. ಹೂಂ ಅಂದೆ. ಕುಕ್ಕರ್ ಕೂಗಿ ನಿಂತಿತು, ಅವಳು ಅಲುಗಲಿಲ್ಲ. ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಕಾಯುತ್ತಿದ್ದೆ. ಬಂದಿದ್ದು ಬೇರೆ ಕಡೆಯಿಂದ. ಕಳೆದ ವಾರ ತರಕಾರಿ ಅಂಗಡಿಯಲ್ಲಿ ಗ್ರೀಸಣ್ಣನ ಹೆಂಡತಿ ಸಿಕ್ಕಿದ್ದಳಂತೆ. ಅವಳು ಮಾತಾಡಿಸಲು ಬಂದರೆ ಇವಳು ಎಲ್ಲರೆದುರು ಅಂದಳಂತೆ, ನಿನ್ನ ಗಂಡನ ಕೈಯಿಂದ ನನ್ನ ಗಂಡ ಸಾಯ್ತಿದ್ದ ಅಂತ.

"ಅವಳು ತಲೆ ತಗ್ಗಿಸಿ ನಿಂತಿದ್ಲು ರೀ. ಚೀಲ ಅಲ್ಲೇ ಬಿಟ್ಟು ಹೋದ್ಲು. ಆ ಮುಖ ನಾನು ಎಲ್ಲಿಗೆ ತಗೊಂಡು ಹೋಗ್ಲಿ ಈಗ?"

ನಾಳೆ ಹೋಗುತ್ತೇನೆ ಅಂದೆ.

ಬಾಗಿಲ ಹತ್ತಿರ ಹೋಗಿ ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಡಿಸೆಂಬರ್ 17, ಮಂಗಳವಾರ

ನಿನ್ನೆ ರಾತ್ರಿಯೇ ಹೋಗಿದ್ದೆ. ಬಂದ ಮೇಲೆ ಬರೆಯಲು ಆಗಲಿಲ್ಲ.

ಗ್ರೀಸಣ್ಣನ ಮನೆ ಎರಡನೇ ಮಹಡಿ. ಮೇಜಿನ ಮೇಲೆ ಹಳೇ ಬ್ರೇಕಿನ ಸಿಲಿಂಡರ್ ಬಿಚ್ಚಿ ಪೇಪರ್ ಮೇಲೆ ಹರಡಿದ್ದ. ಮನೆಯಲ್ಲಿ ಕೂತು ತನಗೆ ತಾನೇ ಪಾಠ ಮಾಡಿಕೊಳ್ಳುತ್ತಿದ್ದ, ಎಲ್ಲಿ ಗಾಳಿ ಉಳಿಯಬಹುದು ಅಂತ. ಅದನ್ನು ನೋಡಿದ ಮೇಲೆ ಕೂತು ಹೇಳಲು ಆಗಲಿಲ್ಲ. ನಿಂತೇ ಹೇಳಿದೆ. ಪೂರ್ತಿ.

ಅವನು ನಂಬಲಿಲ್ಲ.

ಇದನ್ನು ನಾನು ಎಣಿಸಿರಲಿಲ್ಲ. ಹೊಡೆಯುತ್ತಾನೆ, ಉಗಿಯುತ್ತಾನೆ, ಬಾಗಿಲು ಹಾಕುತ್ತಾನೆ — ಎಲ್ಲದಕ್ಕೂ ತಯಾರಾಗಿ ಹೋಗಿದ್ದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ನನ್ನ ಕೆಲಸ ಉಳಿಸೋಕೆ ನಿನ್ನ ಕೆಲಸ ಕಳ್ಕೊಬೇಡ, ನನಗೆ ಇನ್ನು ಎರಡೇ ವರ್ಷ ಸರ್ವಿಸ್, ನಿನಗೆ ಹನ್ನೆರಡು ವರ್ಷ ಇದೆ ಅಂದ. ಇಲ್ಲ ಅಣ್ಣ, ಬ್ರೇಕ್ ತುಳೀಲೇ ಇಲ್ಲ ಅಂದೆ. ಮರ ನೋಡ್ತಿದ್ದೆ ಅಂದೆ. ನಕ್ಕ. ಸೆಕೆಂಡ್ ಗೇರು ಮರ ನೋಡ್ತಾ ಬಸ್ ಬಿಟ್ಟ ಅಂದ್ರೆ ಡಿಪೋದ ನಾಯಿಯೂ ನಂಬಲ್ಲ, ಅಂದ.

ಮತ್ತೆ ಮತ್ತೆ ಹೇಳಿದೆ. ಆಗ ನಗು ಹೋಯಿತು.

"ಆವತ್ತು ಮೆತ್ತಗೆ ಹೋಯ್ತು ಅಂದೆ. ನನ್ನ ಎದುರೇ ಕೂತು ಅಂದೆ. ಇವತ್ತು ತುಳೀಲೇ ಇಲ್ಲ ಅಂತೀಯ. ಎರಡರಲ್ಲಿ ಯಾವುದು ನೀನು ನನಗೆ ಹಾಕಿದ ಟೋಪಿ?"

ಉತ್ತರ ಇತ್ತು. ಆದರೆ ಆ ಉತ್ತರಕ್ಕೆ ಬೆಲೆ ಇಲ್ಲದ ಹಾಗೆ ಮಾಡಿಕೊಂಡವನು ನಾನೇ.

ಅವನ ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲು ಹಾಕಲು ಬಂದಾಗ ನನ್ನನ್ನು ನೋಡಿದಳು. ಅವಳು ನಂಬಿದ್ದಳು. ಆ ನೋಟ ಸಾಕು ಈ ಜನ್ಮಕ್ಕೆ.

ಡಿಸೆಂಬರ್ 19, ಗುರುವಾರ

ಮೇಜಿನ ಆಚೆ ಮೂರು ಜನ. ಟೈಪ್ ಮಾಡಿದ ಹೇಳಿಕೆ, ಪೆನ್ನು, ಎಲ್ಲ ಸಿದ್ಧ. ಇದು ಸುಳ್ಳು ಅಂದೆ. ಮ್ಯಾನೇಜರ್ ಕೆಮ್ಮಿದರು.

ಕುಡಿದಿದ್ರಾ? ಇಲ್ಲ. ಫೋನಾ? ಇಲ್ಲ. ನಿದ್ದೆಯಾ? ಇಲ್ಲ. ಮತ್ತೇನು?

ಮರ ನೋಡ್ತಿದ್ದೆ.

ಬರೆದುಕೊಳ್ಳುತ್ತಿದ್ದವರ ಪೆನ್ನು ನಿಂತಿತು. ನಡುವಿನ ಅಧಿಕಾರಿ ಮುಂದೆ ಬಾಗಿ, ಯಾವ ಮರ, ಅಂದರು. ಎಲ್ಲಾ, ಅಂದೆ.

ಅವರ ಬಳಿ ಗ್ರೀಸಣ್ಣನ ಕಾಗದವೂ ಇತ್ತು. ತಪ್ಪು ನನ್ನದು ಅಂತ. ಒಂದೇ ತಪ್ಪಿಗೆ ಇಬ್ಬರು ಯಜಮಾನರು. ಇಂಥದ್ದು ನನ್ನ ಸರ್ವಿಸ್‌ನಲ್ಲಿ ನೋಡಿಲ್ಲ ಅಂದರು ಅಧಿಕಾರಿ. ಮರಕ್ಕೆ ಗುದ್ದಿದಾಗ ಬ್ರೇಕ್ ಪೈಪೇ ಮುರಿದಿತ್ತು, ಹಾಗಾಗಿ ಬಸ್ಸು ನೋಡಿ ಹೇಳಲೂ ಆಗುವುದಿಲ್ಲ. ನನ್ನನ್ನೂ ಪಕ್ಕದಲ್ಲಿ ಕೂತಿದ್ದ ಅವನನ್ನೂ ಹೊರಗೆ ಕಳಿಸಿದರು. ಮುರಿದ ಪೈಪು ಮಾತ್ರ ಬದಲಿಸಿ ಉಳಿದ ಬ್ರೇಕು ಟೆಸ್ಟ್ ಮಾಡಿದ ಮೇಲೆ ತೀರ್ಮಾನ. ಅಲ್ಲಿಯವರೆಗೆ ನನಗೂ ರೆಸ್ಟ್.

ಅದಕ್ಕಿಂತ ಕೆಟ್ಟದ್ದು ಗೇಟಿನ ಹತ್ತಿರ ಆಯಿತು. ಡ್ರೈವರ್‌ಗಳು, ಕಂಡಕ್ಟರ್‌ಗಳು ನಿಂತಿದ್ದರು. ಒಬ್ಬ ಬಂದು ಕೈ ಹಿಡಿದ. ದೊಡ್ಡ ಮನಸ್ಸು ಅಣ್ಣ ನಿಂದು, ಅಂದ. ಎಲ್ಲರೂ ತಲೆ ಆಡಿಸಿದರು. ಹಿರಿಯನಿಗೋಸ್ಕರ ತಪ್ಪು ಮೈಮೇಲೆ ಎಳೆದುಕೊಂಡವನು ನಾನು ಅವರ ಲೆಕ್ಕದಲ್ಲಿ. ಅಲ್ಲ ಅಂದಷ್ಟೂ ದೊಡ್ಡವನಾಗುತ್ತಿದ್ದೇನೆ.

ಗ್ರೀಸಣ್ಣ ಗುಂಪಿನ ಹಿಂದಿನಿಂದ ತಲೆ ಎತ್ತದೆ ಹೊರಟು ಹೋದ.

ಡಿಸೆಂಬರ್ 20

ಹದಿನಾಲ್ಕು ಹೆಜ್ಜೆ. ಹದಿನಾಲ್ಕು ಹೆಜ್ಜೆ.

ಜನವರಿ 4, ಶನಿವಾರ

ಟೋಪಿ ಮುಗಿಯಿತು.

ಕೊನೆಯ ಸುತ್ತುಗಳು ತಂತಾನೇ ಓಡಿದವು. ತೊಂಬತ್ತಾರು, ಎಂಬತ್ತು, ಅರವತ್ತನಾಲ್ಕು… ಎಂಟು. ಎಂಟು ಕುಣಿಕೆಯೊಳಗೆ ದಾರ ತೂರಿಸಿ ಎಳೆದೆ. ಎಂಟೂ ಮರದ ತುದಿ ಒಂದು ಕಡೆ ಸೇರಿತು. ಮಡಿಲಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ಕೂತೆ. ಮುಗಿದರೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಕೈಗೆ ಕೆಲಸ ಇಲ್ಲದೆ ಇನ್ನೂ ತಳಮಳ.

ಅತ್ತೆ ಬೆಳಕಿಗೆ ಹಿಡಿದು ಒಂದೊಂದೇ ಮರ ತಿರುಗಿಸಿ ನೋಡಿದರು. ಮೂರನೆಯದರಲ್ಲಿ ಒಂದು ಕೊಂಬೆ ತಪ್ಪು ದಾಟಿದೆ. ನನಗೆ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ಅವರು ಅಲ್ಲೇ ಬೆರಳಿಟ್ಟರು. ಬಿಚ್ಚಬೇಕಾ ಅಂದೆ. ಕಾಡಲ್ಲಿ ಎಲ್ಲಾ ಮರ ನೆಟ್ಟಗಿರುತ್ತಾ ಅಂತ ಕೇಳಿ ವಾಪಸ್ ಕೊಟ್ಟರು.

ಇವಳದು ಈ ಎರಡು ವಾರ ಬೇಕಾದಷ್ಟೇ ಮಾತು. ಮೊನ್ನೆ ಗ್ರೀಸಣ್ಣನ ಮನೆಗೆ ಒಬ್ಬಳೇ ಹೋಗಿ ಬಂದಳು. ಅವನ ಹೆಂಡತಿಯ ಹತ್ತಿರ ಏನು ಮಾತಾಡಿದಳೋ ಹೇಳಲಿಲ್ಲ, ನಾನು ಕೇಳಲಿಲ್ಲ. ಕಣ್ಣು ಕೆಂಪಾಗಿತ್ತು. ಇವತ್ತು ಟೋಪಿಯನ್ನು ನನ್ನ ತಲೆಗೆ ಹಾಕಿ, ಕಿವಿವರೆಗೆ ಎಳೆದು, ಸ್ವಲ್ಪ ಹಿಂದೆ ಸರಿದು ನೋಡಿದಳು. ಇಷ್ಟು ಚಂದ ಇತ್ತಾ ಅದು, ಅಂದಳು.

ಟೋಪಿಯ ಮಾತಲ್ಲ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಇದಕ್ಕಿಂತ, ಅಂದೆ.

ಜನವರಿ 9, ಗುರುವಾರ

ಗ್ರೀಸಣ್ಣನ ಫೋನ್. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಬಸ್ಸು ರಿಪೇರಿ ಆಗಿದೆ. ಸೋಮವಾರ ಅಧಿಕಾರಿಗಳ ಟೆಸ್ಟ್. ಅದಕ್ಕೆ ಮೊದಲು ಒಂದು ಟ್ರಯಲ್ ಹೊಡೆಯಲು ಮ್ಯಾನೇಜರ್ ಅವನನ್ನೇ ಕರೆಸಿದ್ದಾರೆ, ಆ ಬಸ್ಸು ಬೇರೆ ಯಾರಿಗೂ ಗೊತ್ತಿಲ್ಲವಲ್ಲ.

"ನಿನ್ನ ಮಾತೂ ಬೇಡ, ನನ್ನ ಕಾಗದವೂ ಬೇಡ. ನಾಳೆ ಹತ್ತಕ್ಕೆ ಡಿಪೋಗೆ ಬಾ. ಜಾಗ ತೋರಿಸು."

ಇಟ್ಟುಬಿಟ್ಟ. ಆ ರಸ್ತೆಗೆ ಮತ್ತೆ ಹೋಗಿಲ್ಲ.

ಜನವರಿ 10, ಶುಕ್ರವಾರ. 11.40

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಪೆನ್ಸಿಲ್. ಗ್ರೀಸಣ್ಣ ಕೆಳಗಿಳಿದಿದ್ದಾನೆ.

ರಾತ್ರಿ ಚೆನ್ನಾಗಿ ಹಿಮ ಬಿದ್ದಿದೆ. ರಸ್ತೆ ಮೇಲಿನದನ್ನು ಮಾತ್ರ ಬಳಿದು ತೆಗೆದಿದ್ದಾರೆ. ಬಸ್ಸು ಅವನೇ ಬಿಟ್ಟ. ನಾನು ಮುಂದಿನ ಸೀಟು, ಟೀಚರಮ್ಮ ಕೂತಿದ್ದ ಜಾಗ. ಇಳಿಯಲು ಶುರು ಮಾಡಿದಾಗ ಪ್ರತಿ ತಿರುವಿಗೂ ಬ್ರೇಕ್ ಒತ್ತಿ ನೋಡುತ್ತ ಬಂದ. ಹಿಡಿಯಿತು. ಹಿಡಿಯಿತು. ಆರನೇ ತಿರುವು ದಾಟಿದ ಮೇಲೆ ಎರಡನೇ ಗೇರಿಗೆ ಹಾಕಿ, ಈಗ ಹೇಳು, ಎಲ್ಲಿ, ಅಂದ.

ಇನ್ನೂ ಸ್ವಲ್ಪ ಮುಂದೆ, ಅಂದೆ. ಎಡಗಡೆ ತೆರೆದುಕೊಳ್ಳುತ್ತೆ ನೋಡು. ಈಗ.

ಅವನು ತಲೆ ತಿರುಗಿಸಿದ.

ಬಿಸಿಲಿತ್ತು. ಆವತ್ತಿಗಿಂತ ಕಡಿಮೆ, ಆದರೂ ಇತ್ತು. ನಾನು ಮರ ನೋಡಲಿಲ್ಲ, ಅವನ ಮುಖ ನೋಡುತ್ತಿದ್ದೆ. ಐವತ್ತೆಂಟು ವರ್ಷದ ಮುಖ. ದವಡೆ ಸಡಿಲವಾಯಿತು. ಹುಬ್ಬು ಮೇಲೆ ಹೋಯಿತು. ಬಸ್ಸು ಇಳಿಯುತ್ತಲೇ ಇತ್ತು. ತಿರುವು ಬರುತ್ತಿತ್ತು. ಅವನು ತಲೆ ವಾಪಸ್ ತಿರುಗಿಸಲೇ ಇಲ್ಲ.

ಅಣ್ಣ, ರೋಡು, ಅಂದೆ.

ಒತ್ತಿದ. ಬಸ್ಸು ನಿಂತಿತು. ಗುಂಡು ಹೊಡೆದು ನಿಲ್ಲಿಸಿದ ಹಾಗಲ್ಲ, ಕೂರು ಅಂದರೆ ಕೂತ ಹಾಗೆ. ಅವನ ಕೈಯ ಬ್ರೇಕು ಯಾವಾಗಲೂ ಹಾಗೇ ಹಿಡಿಯುತ್ತದೆ. ತಿರುವಿನ ಅಂಚಿಗೆ ಇನ್ನೂ ಒಂದು ಬಸ್ಸಿನಷ್ಟು ಜಾಗ ಉಳಿದಿತ್ತು.

ಇಂಜಿನ್ ಆಫ್ ಮಾಡಿದ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಆ ಕೈಗಳನ್ನೇ ನೋಡಿಕೊಂಡ, ಈಚೆ ತಿರುಗಿಸಿ ಆಚೆ ತಿರುಗಿಸಿ, ಕಳೆದುಹೋಗಿ ಸಿಕ್ಕ ವಸ್ತುವಿನ ಹಾಗೆ.

"ಎರಡು ಸೆಕೆಂಡು ಅಂದಿದ್ದೆ ಅಲ್ವಾ ನೀನು?"

ಹೂಂ.

"ನಾನು ಮೂರು ಎಣಿಸಿದೆ."

ಅಷ್ಟೇ. ಕ್ಷಮಿಸಿದ್ದೇನೆ ಅನ್ನಲಿಲ್ಲ. ಅನ್ನುತ್ತಾನೋ ಇಲ್ಲವೋ. ಸೋಮವಾರ ನನ್ನ ಕೆಲಸ ಹೋಗಬಹುದು, ಹೋಗುತ್ತದೆ ಅಂತಲೇ ಕಾಣುತ್ತದೆ. ಅವನ ಕಾಗದ ಅವನೇ ಹರಿಯುತ್ತಾನೆ, ಅದು ಗೊತ್ತಾಯಿತು. ಮೂಗು ಒರೆಸಿಕೊಂಡು ಇಳಿದ. ಬಾಗಿಲು ಹಾಕಲಿಲ್ಲ.

ಈಗ ತಿರುವಿನ ಅಂಚಿಗೆ ನಡೆದು, ನಮ್ಮ ಬಸ್ಸನ್ನು ತಡೆದ ಮರದ ಹತ್ತಿರ ನಿಂತಿದ್ದಾನೆ. ಸಿಪ್ಪೆ ಎದೆಮಟ್ಟಕ್ಕೆ ಕಿತ್ತುಹೋಗಿದೆ. ಅಲ್ಲಿ ಕೈ ಇಟ್ಟು ನೋಡುತ್ತಿದ್ದಾನೆ, ಇಂಜಿನ್ ಬಿಸಿ ನೋಡುವ ಹಾಗೆ. ಏನೋ ಕೂಗಿದ. ಕೇಳಿಸಲಿಲ್ಲ. ಮತ್ತೆ ಕೈ ಬೀಸುತ್ತಿದ್ದಾನೆ. ಇಲ್ಲಿ ಬಾ, ಇದನ್ನ ನೋಡು ಅಂತಿದ್ದಾನೆ. ಗಾಯದ ಪಕ್ಕದಲ್ಲೇ ಏನೋ ಹೊಳೆಯುತ್ತಿದೆ, ಮರ ಒಸರಿದ ಅಂಟು ಇರಬೇಕು. ಇಳಿಯುತ್ತೇನೆ.